ಒಂದು ‘ಹರಡಿವೆ’ಗೆ ‘ಹ್ಯಾವ್ ರೇಡಿಯೇಟೆಡ್’ ಸರಿ, ಇನ್ನೊಂದಕ್ಕೆ ತಪ್ಪು. ಏಕೆ?

ಕರಡುಪ್ರತಿ
ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವುದನ್ನು ಕಲಿಯುತ್ತಿದ್ದೇನೆ. ನಾನು ಬರೆದ ಎರಡು ಪುಟಗಳು ತಿದ್ದುಪಡಿಯಾಗಿ ನಿನ್ನೆ ಕೈಗೆ ಬಂದವು. ಮೊದಲ ಪುಟದಲ್ಲಿ ಪ್ಯಾರಿಸ್ ನಗರದ ವಿವರಣೆ: ‘ವಿಜಯದ ಕಮಾನಿರುವ ವೃತ್ತದಿಂದ 12 ಹೆಬ್ಬೀದಿಗಳು ಎಲ್ಲ ದಿಕ್ಕಿಗೂ ಹರಡಿವೆ.’ ಎರಡನೆಯದರಲ್ಲಿ ಗಾಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿಗಳು: ‘ಒಂದೇ ಪೂರ್ವಜ ಜಾತಿಯಿಂದ ಕವಲೊಡೆದು ದ್ವೀಪದಿಂದ ದ್ವೀಪಕ್ಕೆ ಹರಡಿವೆ.’ ಎರಡು ಕಡೆಯೂ ‘ಹರಡಿವೆ’ ಎಂದಿದೆ. ‘ಮಾಡಿದ್ದಾನೆ, ಹೋಗಿದೆ, ಹರಡಿವೆ’ ಎಲ್ಲವೂ ಪ್ರೆಸೆಂಟ್ ಪರ್ಫೆಕ್ಟ್ ಎಂದೇ ಶಾಲೆಯಲ್ಲಿ ಕಲಿತದ್ದು. ಹಾಗಾಗಿ ಎರಡು ಕಡೆಯೂ ‘ಹ್ಯಾವ್ ರೇಡಿಯೇಟೆಡ್’ ಎಂದು ಬರೆದೆ.

ತಿದ್ದಿದವರು ಹಕ್ಕಿಗಳ ವಾಕ್ಯವನ್ನು ಮುಟ್ಟಿಲ್ಲ. ಬೀದಿಗಳ ವಾಕ್ಯದಲ್ಲಿ ಮಾತ್ರ ‘ಹ್ಯಾವ್’ ಹೊಡೆದುಹಾಕಿ ಬರಿಯ ‘ರೇಡಿಯೇಟ್’ ಎಂದು ಉಳಿಸಿದ್ದಾರೆ. ಕಾರಣ ಬರೆದಿಲ್ಲ. ರಾತ್ರಿಯೆಲ್ಲ ಇದೇ ಯೋಚನೆ. ಬಲ್ಲವರು ದಯವಿಟ್ಟು ಹೇಳಿ.

ನೇರನುಡಿ
ಬೀದಿಗಳು ಚಲಿಸುವುದಿಲ್ಲ, ಹಕ್ಕಿಗಳು ಚಲಿಸುತ್ತವೆ. ಅಷ್ಟೇ.

ಕರಡುಪ್ರತಿ
ಅಷ್ಟೇ ಆಗಿದ್ದರೆ ಕನ್ನಡದಲ್ಲಿ ಬೀದಿಗಳಿಗೂ ‘ಹರಡಿವೆ’ ಎನ್ನುತ್ತೇವಲ್ಲ? ಚಲಿಸದ ವಸ್ತುವಿಗೆ ನಾವು ಆ ರೂಪವನ್ನು ಏಕೆ ಕೊಟ್ಟೆವು?

ಹಳೆಯಮೇಷ್ಟ್ರು
ಒಳ್ಳೆಯ ಪ್ರಶ್ನೆ. ಇದರ ಉತ್ತರ ಇಂಗ್ಲಿಷಿಗಿಂತ ಹೆಚ್ಚಾಗಿ ಕನ್ನಡದಲ್ಲೇ ಇದೆ. ‘ಹರಡಿವೆ’ ಎನ್ನುವುದನ್ನು ಬಿಡಿಸಿ ನೋಡಿ: ಹರಡಿ + ಇವೆ. ಮೊದಲ ತುಂಡು ಮುಗಿದ ಕ್ರಿಯೆಯನ್ನು ಹೇಳುತ್ತದೆ, ಎರಡನೆಯದು ಈಗಿನ ಇರವನ್ನು ಹೇಳುತ್ತದೆ. ಕೆಲವು ವಾಕ್ಯಗಳಲ್ಲಿ ಭಾರವೆಲ್ಲ ‘ಹರಡಿ’ಯ ಮೇಲೆ ಬೀಳುತ್ತದೆ, ಕೆಲವು ವಾಕ್ಯಗಳಲ್ಲಿ ‘ಇವೆ’ಯ ಮೇಲೆ.

‘ಅವನು ಕುಳಿತಿದ್ದಾನೆ’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತನ್ನಿ. ‘ಹ್ಯಾಸ್ ಸ್ಯಾಟ್’ ಎನ್ನುತ್ತೀರಾ? ಇಲ್ಲ, ‘ಈಸ್ ಸಿಟ್ಟಿಂಗ್’ ಎನ್ನುತ್ತೀರಿ. ನಿಂತಿದ್ದಾನೆ, ಮಲಗಿದ್ದಾನೆ, ಒರಗಿದ್ದಾನೆ, ಗೋಡೆಗೆ ಚಿತ್ರ ತೂಗಿದೆ, ಬೆಟ್ಟ ಬಾಗಿದೆ: ಇವೆಲ್ಲ ರೂಪದಲ್ಲಿ ಪರ್ಫೆಕ್ಟ್, ಅರ್ಥದಲ್ಲಿ ಈಗಿನ ಸ್ಥಿತಿ. ಬೆಟ್ಟ ಯಾವತ್ತೋ ಒಂದು ದಿನ ಬಾಗಿತು ಎಂದು ಯಾರೂ ಹೇಳುತ್ತಿಲ್ಲ. ನಿಮ್ಮ ಬೀದಿಗಳೂ ಹಾಗೆಯೇ. ಅವು ಹರಡಿದ ಆಕಾರದಲ್ಲಿ ಇವೆ. ಇಂಗ್ಲಿಷ್ ಅಂಥ ಆಕಾರವನ್ನು ಹೇಳಲು ಸಾಮಾನ್ಯ ವರ್ತಮಾನವನ್ನೇ ಬಳಸುತ್ತದೆ. ‘ಹ್ಯಾವ್’ ಸೇರಿಸಿದರೆ, ಬೀದಿಗಳು ನಡುವಿನಿಂದ ಹೊರಟು ಹೊರಕ್ಕೆ ಓಡಿದವು, ಓಡಿ ಈಗ ತಲುಪಿವೆ ಎಂಬ ಚಿತ್ರ ಮೂಡುತ್ತದೆ.

ಕರಡುಪ್ರತಿ
ಕುಳಿತಿದ್ದಾನೆ! ಇಷ್ಟು ವರ್ಷ ಅದನ್ನು ‘ಈಸ್ ಸಿಟ್ಟಿಂಗ್’ ಎಂದೇ ಅನುವಾದ ಮಾಡಿದ್ದೇನೆ, ಒಮ್ಮೆಯೂ ಏಕೆ ಎಂದು ಕೇಳಿಕೊಂಡಿರಲಿಲ್ಲ.

ಅರಳುಮೊಗ್ಗು
ರೇಡಿಯೇಟ್ ಪದದ ಹುಟ್ಟೂ ಇದಕ್ಕೆ ಹೊಂದುತ್ತದೆ. ಲ್ಯಾಟಿನ್‌ನ ‘ರೇಡಿಯಸ್’ ಎಂದರೆ ಗಾಲಿಯ ಅರ, ಬೆಳಕಿನ ಕಿರಣ ಎರಡೂ. ಅರ ಎಲ್ಲಿಗೂ ಹೋಗುವುದಿಲ್ಲ, ನಡುವಿನ ಗುಂಬದಿಂದ ಹೊರಕ್ಕೆ ನಿಂತಿರುತ್ತದೆ. ಕಿರಣ ಹೊರಟು ಹೋಗುತ್ತದೆ. ಬೀದಿಗಳದ್ದು ಅರದ ಅರ್ಥ, ಹಕ್ಕಿಗಳದ್ದು ಕಿರಣದ ಅರ್ಥ. ನಮ್ಮ ‘ವಿಕಿರಣ’ದ ಒಳಗೂ ಚೆಲ್ಲು, ಚೆದುರಿಸು ಎಂಬ ಅರ್ಥದ ಸಂಸ್ಕೃತ ಧಾತು ಇದೆ. ಅಲ್ಲಿ ಅರ ಇಲ್ಲ, ಚೆಲ್ಲುವುದು ಮಾತ್ರ ಇದೆ.

ನೇರನುಡಿ
ಪದದ ಹುಟ್ಟು ಹಿಡಿದು ಇಂದಿನ ಬಳಕೆಯನ್ನು ತೀರ್ಮಾನಿಸುವುದು ಅಪಾಯ. ಆದರೆ ಇಲ್ಲಿ ಕೂಡಿಬಂದಿದೆ, ಒಪ್ಪುತ್ತೇನೆ.

ಜೀವಜಾಲ
ಹಕ್ಕಿಗಳ ವಾಕ್ಯವನ್ನು ಏಕೆ ಮುಟ್ಟಲಿಲ್ಲ ಎನ್ನುವುದಕ್ಕೆ ನಾನು ಉತ್ತರಿಸುತ್ತೇನೆ. ನನ್ನ ಓದು ಅದೇ ವಿಷಯ. ಜೀವವಿಕಾಸದ ಬರವಣಿಗೆಯಲ್ಲಿ ‘ರೇಡಿಯೇಟ್’ ಒಂದು ಪಾರಿಭಾಷಿಕ ಪದ: ಒಂದೇ ಮೂಲದ ಜೀವಿಗಳು ಬೇರೆ ಬೇರೆ ಆಹಾರಕ್ಕೆ, ನೆಲೆಗೆ ಹೊಂದಿಕೊಳ್ಳುತ್ತ ಹಲವು ಜಾತಿಗಳಾಗಿ ಒಡೆಯುವುದು. ಡಾರ್ವಿನ್ 1835ರಲ್ಲಿ ಆ ದ್ವೀಪಗಳಿಗೆ ಹೋಗಿದ್ದ. ಈ ಫಿಂಚ್‌ಗಳಲ್ಲಿ ಗಟ್ಟಿ ಬೀಜ ಒಡೆಯುವ ದಪ್ಪ ಕೊಕ್ಕಿನವು ಇವೆ, ಕೀಟ ಹೆಕ್ಕುವ ಸಣ್ಣ ಕೊಕ್ಕಿನವು ಇವೆ, ಪಾಪಾಸುಕಳ್ಳಿಯ ಹೂವನ್ನು ತಿನ್ನುವವೂ ಇವೆ. ಈ ಕವಲುಗಳು ಇಂದಿಗೂ ಜೀವಂತ. ಹಳೆಯ ಪ್ರಕ್ರಿಯೆಯ ಫಲ ಕಣ್ಣೆದುರಿಗಿದೆ. ‘ಹ್ಯಾವ್ ರೇಡಿಯೇಟೆಡ್’ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಈಗ ಟ್ರೈಲೋಬೈಟ್‌ಗಳನ್ನು ತೆಗೆದುಕೊಳ್ಳಿ. ಕಡಲಲ್ಲಿ ಬಗೆಬಗೆಯ ಜಾತಿಗಳಾಗಿ ಹರಡಿದ್ದವು, ಸುಮಾರು 25 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದವು. ಅವುಗಳಿಗೆ ‘ಹ್ಯಾವ್’ ಹಾಕಿದರೆ ಓದುವವನು ಬೆಚ್ಚಿಬೀಳುತ್ತಾನೆ, ಇನ್ನೂ ಬದುಕಿವೆಯೇ ಎಂದು. ಬರಿಯ ‘ರೇಡಿಯೇಟೆಡ್’ ಸಾಕು.

ಸುದ್ದಿಮನೆ
ಅಳಿದದ್ದಕ್ಕೆ ‘ಹ್ಯಾವ್’ ಬೇಡ ಎಂಬ ಈ ಮಾತು ‘ಸ್ಪ್ರೆಡ್’ಗೂ ಸಲ್ಲುತ್ತದೆ. ಸಿಡುಬನ್ನೇ ನೋಡಿ. ಅದು ನಿರ್ಮೂಲವಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. ಈಗ ‘ಸಿಡುಬು ಹ್ಯಾಸ್ ಸ್ಪ್ರೆಡ್’ ಎಂದು ಯಾರಾದರೂ ಬರೆದರೆ ಅದು ತಪ್ಪು ವ್ಯಾಕರಣ ಮಾತ್ರವಲ್ಲ, ಭಯ ಹುಟ್ಟಿಸುವ ಸುದ್ದಿ.

ಕೊರೊನಾದ ಕಾಲವನ್ನು ನೆನಪಿಸಿಕೊಳ್ಳಿ. 2020ರ ಮಾರ್ಚ್ 11ರಂದು ಅದನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದಾಗ 114 ದೇಶಗಳಲ್ಲಿ ಸೋಂಕು ಕಾಣಿಸಿಕೊಂಡಿತ್ತು. ಆ ದಿನ ಸುದ್ದಿ ಬರೆದವನು ‘ಹ್ಯಾಸ್ ಸ್ಪ್ರೆಡ್’ ಎಂದೇ ಬರೆಯಬೇಕಿತ್ತು. ಇಂದು ಅದೇ ದಿನದ ಬಗ್ಗೆ ಬರೆಯುವವನು ‘ಹ್ಯಾಡ್ ಸ್ಪ್ರೆಡ್’ ಎನ್ನುತ್ತಾನೆ. ಸಂಗತಿ ಬದಲಾಗಲಿಲ್ಲ, ಬರೆಯುವವನು ನಿಂತ ಜಾಗ ಬದಲಾಯಿತು. ನನಗೆ ಪ್ರೆಸೆಂಟ್ ಪರ್ಫೆಕ್ಟ್ ಅರ್ಥವಾದದ್ದೇ ಹೀಗೆ.

ಬೆಳ್ಳಿಚುಕ್ಕಿ
ನಡುವೆ ಒಂದು ಸಣ್ಣ ಪ್ರಶ್ನೆ. ‘ಸ್ಪ್ರೆಡೆಡ್’ ಎಂಬ ರೂಪ ಇದೆಯೋ ಇಲ್ಲವೋ? ನಮ್ಮ ಕಚೇರಿಯ ಪತ್ರಗಳಲ್ಲಿ ವಾರಕ್ಕೊಮ್ಮೆ ನೋಡುತ್ತೇನೆ.

ಹಳೆಯಮೇಷ್ಟ್ರು
ಶಿಷ್ಟ ಇಂಗ್ಲಿಷಿನಲ್ಲಿ ಇಲ್ಲ. ಕಟ್, ಪುಟ್, ಹಿಟ್, ಶೆಡ್ ಇವುಗಳ ಹಾಗೆ ‘ಸ್ಪ್ರೆಡ್’ ಕೂಡ ಮೂರು ರೂಪದಲ್ಲೂ ಒಂದೇ. ರೇಡಿಯೇಟ್, ಡಿಫ್ಯೂಸ್, ಎಕ್ಸ್‌ಪ್ಯಾಂಡ್ ನಿಯಮಿತ ಪದಗಳು, ಅವುಗಳಿಗೆ ‘ಎಡ್’ ಬರುತ್ತದೆ. ಒಂದೇ ಅರ್ಥದ ನೆರೆಹೊರೆಯ ಪದಗಳಲ್ಲಿ ಒಂದು ಮಾತ್ರ ಬೇರೆ ದಾರಿ ಹಿಡಿದಿರುವುದರಿಂದಲೇ ಈ ತಪ್ಪು ಆಗುತ್ತದೆ.

ಇನ್ನೊಂದು ತೊಡಕು. ‘ದೇ ಸ್ಪ್ರೆಡ್’ ಎಂದಾಗ ಅದು ಹರಡುತ್ತಾರೆಯೋ, ಹರಡಿದರೋ ತಿಳಿಯುವುದಿಲ್ಲ. ‘ಹೀ ಸ್ಪ್ರೆಡ್’ ಎಂದರೆ ಖಂಡಿತ ಭೂತಕಾಲ, ಏಕೆಂದರೆ ವರ್ತಮಾನವಾಗಿದ್ದರೆ ಕೊನೆಗೆ ‘ಸ್’ ಇರುತ್ತಿತ್ತು. ಬಹುವಚನದ ಗೊಂದಲ ತಪ್ಪಿಸಲು ‘ಹ್ಯಾವ್’ ತುಂಬ ಸಹಾಯಕ್ಕೆ ಬರುತ್ತದೆ.

ಮಾತಿನಮಂಟಪ
ಗೊಂದಲ ತಪ್ಪಿಸಲೆಂದು ‘ಹ್ಯಾವ್’ ಹಾಕುವುದು ಸರಿಯಲ್ಲ, ಮೇಷ್ಟ್ರೇ. ಅರ್ಥ ಬೇಡುವುದಾದರೆ ಮಾತ್ರ ಹಾಕಬೇಕು. ‘ವದಂತಿ ನಿನ್ನೆ ಹರಡಿತು’ ಎಂಬಲ್ಲಿ ಸ್ಪಷ್ಟತೆಗಾಗಿ ‘ಹ್ಯಾಸ್’ ಸೇರಿಸಿ ವಾಕ್ಯ ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಹಳೆಯಮೇಷ್ಟ್ರು
ಒಪ್ಪಿದೆ. ನನ್ನ ಮಾತು ಸಡಿಲವಾಗಿತ್ತು. ಅರ್ಥ ಎರಡಕ್ಕೂ ಎಡೆಕೊಡುವ ಕಡೆ ಮಾತ್ರ ಎಂದು ಓದಿಕೊಳ್ಳಿ.

ಮಾತಿನಮಂಟಪ
‘ನಿನ್ನೆ’ಯ ವಿಷಯ ಬಂದದ್ದರಿಂದ ಹೇಳುತ್ತೇನೆ, ಕನ್ನಡಿಗರು ಎಡವುವ ಮುಖ್ಯ ಜಾಗ ಇದೇ. ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಮುಗಿದ ಕಾಲದ ಹೆಸರನ್ನು ಸಹಿಸುವುದಿಲ್ಲ. ನಿನ್ನೆ, ಕಳೆದ ವಾರ, 2010ರಲ್ಲಿ ಎಂದ ಕೂಡಲೇ ‘ಹ್ಯಾಸ್’ ಜಾಗ ಬಿಡಬೇಕು. ಕನ್ನಡಕ್ಕೆ ಆ ನಿರ್ಬಂಧವಿಲ್ಲ. ‘ಬೆಂಕಿ ನಿನ್ನೆಯೇ ಪಕ್ಕದ ಕಾಡಿಗೆ ಹರಡಿದೆ’ ಎಂದು ನಿರಾತಂಕವಾಗಿ ಹೇಳುತ್ತೇವೆ.

ಬೆಳಗ್ಗೆ ಎದ್ದು ಬಾಗಿಲು ತೆರೆದಾಗ ನೆಲ ಒದ್ದೆಯಿದ್ದರೆ ‘ರಾತ್ರಿ ಮಳೆ ಬಂದಿದೆ’ ಎನ್ನುತ್ತೇವೆ. ಮಳೆಯನ್ನು ನಾವು ನೋಡಿಲ್ಲ, ಗುರುತು ನೋಡಿ ಊಹಿಸಿದ್ದೇವೆ. ರಾತ್ರಿಯೆಲ್ಲ ಎಚ್ಚರವಿದ್ದು ನೋಡಿದವನು ‘ರಾತ್ರಿ ಮಳೆ ಬಂತು’ ಎನ್ನುತ್ತಾನೆ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ನಮ್ಮ ‘ಇದೆ’ ಹೊತ್ತಿದೆ! ಇಂಗ್ಲಿಷಿನಲ್ಲಿ ಆ ಊಹೆಯನ್ನು ಹೇಳಲು ‘ಮಸ್ಟ್ ಹ್ಯಾವ್’ ಎಂದು ಬೇರೆ ಸಹಾಯಕ ಪದವನ್ನು ಕರೆತರಬೇಕು. ‘ಬೆಂಕಿ ರಾತ್ರಿ ಹರಡಿದೆ’ ಎನ್ನುವುದೂ ಕರಕಲಾದ ಮರ ನೋಡಿ ಆಡಿದ ಮಾತಾಗಿದ್ದರೆ ‘ಮಸ್ಟ್ ಹ್ಯಾವ್ ಸ್ಪ್ರೆಡ್’ ಎಂದೇ ಅನುವಾದಿಸಬೇಕು.

ಕರಡುಪ್ರತಿ
ಹಾಗಾದರೆ ‘ಹರಡಿದೆ’ ಎಂಬ ಒಂದು ರೂಪಕ್ಕೆ ಇಲ್ಲಿಯವರೆಗೆ ನಾಲ್ಕು ಇಂಗ್ಲಿಷ್ ರೂಪಗಳಾದವು: ರೇಡಿಯೇಟ್ಸ್, ಹ್ಯಾಸ್ ಸ್ಪ್ರೆಡ್, ಬರಿಯ ಸ್ಪ್ರೆಡ್, ಮಸ್ಟ್ ಹ್ಯಾವ್ ಸ್ಪ್ರೆಡ್. ನನಗೆ ತಲೆ ತಿರುಗುತ್ತಿದೆ.

ನೇರನುಡಿ
ಐದು. ‘ಈ ತೋಟ ಬೆಟ್ಟದ ತಪ್ಪಲಿನವರೆಗೆ ಹರಡಿದೆ’ ಎಂಬುದಕ್ಕೆ ‘ಈಸ್ ಸ್ಪ್ರೆಡ್ ಓವರ್’ ಎಂದು ಬರೆಯುತ್ತಾರೆ.

ಅರಳುಮೊಗ್ಗು
ಅದು ನಮ್ಮವರೇ ಮಾಡಿಕೊಂಡ ಬಳಕೆ ಅಲ್ಲವೇ? ನನಗೆ ಕಿವಿಗೆ ಒಗ್ಗುವುದಿಲ್ಲ.

ನೇರನುಡಿ
ಅಲ್ಲ, ಎಲ್ಲ ಕಡೆಯ ಇಂಗ್ಲಿಷಿನಲ್ಲೂ ಇದೆ. ಅಲ್ಲಿ ‘ಸ್ಪ್ರೆಡ್’ ವಿಶೇಷಣದ ಹಾಗೆ ನಿಂತಿದೆ, ಮುಚ್ಚಿದ ಬಾಗಿಲಿಗೆ ‘ಈಸ್ ಕ್ಲೋಸ್ಡ್’ ಎಂದಂತೆ. ಹಾಗೆಂದು ಸುದ್ದಿಗೆ, ರೋಗಕ್ಕೆ ‘ಈಸ್ ಸ್ಪ್ರೆಡ್’ ಎಂದು ಬರೆಯಬೇಡಿ. ಸುದ್ದಿ ‘ಹ್ಯಾಸ್ ಸ್ಪ್ರೆಡ್’. ಯಾರೋ ಬೇಕೆಂದೇ ಹರಡಿಸಿದ್ದರೆ ‘ಹ್ಯಾಸ್ ಬೀನ್ ಸ್ಪ್ರೆಡ್’.

ಬೆಳ್ಳಿಚುಕ್ಕಿ
ಕನ್ನಡದ ‘ಹರಡು’ ಕೂಡ ಹಾಗೆಯೇ ಎರಡೂ ಕಡೆ ನಡೆಯುತ್ತದೆ. ಸುದ್ದಿ ಹರಡಿತು, ಸುದ್ದಿಯನ್ನು ಹರಡಿದರು. ಹಾಸಿಗೆ ಹರಡಿದೆ, ಹಾಸಿಗೆಯನ್ನು ಹರಡಿದ್ದಾರೆ. ಅಕರ್ಮಕವೂ ಹೌದು, ಸಕರ್ಮಕವೂ ಹೌದು. ‘ಸ್ಪ್ರೆಡ್’ಗೆ ಇಷ್ಟು ಹತ್ತಿರದ ಜೋಡಿ ಸಿಗುವುದು ಅಪರೂಪ.

ಮಾತಿನಮಂಟಪ
ಹಾಗೆಂದು ಎಲ್ಲ ಕಡೆ ‘ಹರಡು’ ಎಂದೇ ಬರೆಯುವ ಚಾಳಿ ಬೇಡ. ಬಳ್ಳಿ ಹಬ್ಬುತ್ತದೆ, ಕೀರ್ತಿಯೂ ಹಬ್ಬುತ್ತದೆ, ಪರಿಮಳ ಪಸರಿಸುತ್ತದೆ, ಕತ್ತಲು ಕವಿಯುತ್ತದೆ, ಮೋಡ ಮುಸುಕುತ್ತದೆ, ಕೊಂಬೆ ಚಾಚುತ್ತದೆ, ಸೋಂಕು ವ್ಯಾಪಿಸುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ‘ಸ್ಪ್ರೆಡ್’ ಕಂಡಲ್ಲೆಲ್ಲ ‘ಹರಡು’ ಎಂದು ಬರೆದು ಬರೆದು ಈ ಪದಗಳನ್ನು ಒಣಗಿಸುತ್ತಿದ್ದೇವೆ. ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಅರಳುಮೊಗ್ಗು
‘ಹಬ್ಬಿದೆ’ ಎಂದರೆ ಬಳ್ಳಿಯ ಹಿಡಿತವೂ ಕಾಣುತ್ತದೆ. ‘ಹರಡಿದೆ’ಯಲ್ಲಿ ಅದಿಲ್ಲ.

ಸುದ್ದಿಮನೆ
ವಿಷಯಕ್ಕೆ ಮರಳುತ್ತೇನೆ. ಇಂಗ್ಲಿಷ್ ಪತ್ರಿಕೆಯ ಒಂದು ಬೆಂಕಿ ಸುದ್ದಿಯನ್ನು ಎದುರಿಗೆ ಇಟ್ಟುಕೊಳ್ಳಿ. ತಲೆಬರಹದಲ್ಲಿ ಸಾಮಾನ್ಯ ವರ್ತಮಾನ: ಬೆಂಕಿ ‘ಸ್ಪ್ರೆಡ್ಸ್’. ಮೊದಲ ವಾಕ್ಯದಲ್ಲಿ ಪರ್ಫೆಕ್ಟ್: ಮೂರು ಕಡೆಗೆ ‘ಹ್ಯಾಸ್ ಸ್ಪ್ರೆಡ್’, ಅಗ್ನಿಶಾಮಕ ದಳದವರು ಸುತ್ತಲೂ ‘ಹ್ಯಾವ್ ಫ್ಯಾನ್ಡ್ ಔಟ್’. ಮೂರನೆಯ ವಾಕ್ಯದಿಂದ ಬರಿಯ ಭೂತಕಾಲ: ಮಂಗಳವಾರ ಮಧ್ಯಾಹ್ನ ಹೊತ್ತಿಕೊಂಡಿತು, ಗಾಳಿ ಬೀಸಿತು, ದಾಟಿತು. ಪರ್ಫೆಕ್ಟ್ ಎನ್ನುವುದು ಬಾಗಿಲು ತೆರೆಯುವ ವಾಕ್ಯ, ಒಳಗೆ ಹೋದ ಮೇಲೆ ದಿನ, ಗಂಟೆಗಳ ಲೆಕ್ಕ. ಹತ್ತು ಸುದ್ದಿಗಳನ್ನು ಹೀಗೆ ಗುರುತು ಹಾಕಿಕೊಂಡು ಓದಿ ಕರಡುಪ್ರತಿ ಅವರೇ, ನಿಯಮದ ಪುಸ್ತಕಕ್ಕಿಂತ ಬೇಗ ಹಿಡಿತಕ್ಕೆ ಬರುತ್ತದೆ.

‘ಫ್ಯಾನ್ ಔಟ್’ ಕೂಡ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. ಬೀಸಣಿಗೆ ಬಿಚ್ಚಿದಂತೆ ಒಂದು ಬಿಂದುವಿನಿಂದ ಹಲವು ಕಡೆಗೆ ಚದುರುವುದು. ಹುಡುಕಾಟದ ತಂಡಗಳಿಗೆ ಒಪ್ಪುತ್ತದೆ, ವಾಸನೆಗೆ ಒಪ್ಪುವುದಿಲ್ಲ.

ದೂರತೀರ
ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಮಾತಿನಲ್ಲಿ ‘ಈಗಾಗಲೇ ಹರಡಿದೆ’, ‘ಈಗಷ್ಟೇ ಹರಡಿದೆ’ ಎನ್ನಲು ಬರಿಯ ಭೂತಕಾಲವನ್ನೇ ಬಳಸುವುದನ್ನು ದಿನವೂ ಕೇಳುತ್ತೇನೆ. ಹಾಗಾಗಿ ನೀವೆಲ್ಲ ಹೇಳುತ್ತಿರುವಷ್ಟು ಕಟ್ಟುನಿಟ್ಟು ಇಲ್ಲ.

ಮಾತಿನಮಂಟಪ
ಅದು ನಿಜ, ‘ಆಲ್ರೆಡಿ’, ‘ಜಸ್ಟ್’, ‘ಯೆಟ್’ ಜೊತೆಗೆ ಅಮೆರಿಕದವರು ಭೂತಕಾಲವನ್ನು ಬ್ರಿಟಿಷರಿಗಿಂತ ಹೆಚ್ಚು ಬಳಸುತ್ತಾರೆ. ಆದರೆ ಆ ಸಡಿಲಿಕೆ ಒಂದೇ ದಿಕ್ಕಿನದು. ಪರ್ಫೆಕ್ಟ್ ಇರಬಹುದಾದ ಕಡೆ ಭೂತಕಾಲ ಬರುತ್ತದೆ. ‘ಹ್ಯಾಸ್ ಸ್ಪ್ರೆಡ್ ಯೆಸ್ಟರ್ಡೇ’ ಅಲ್ಲಿಯೂ ತಪ್ಪೇ.

ದೂರತೀರ
ಹೌದು, ಅದನ್ನು ಇಲ್ಲಿಯೂ ಕೇಳಿಲ್ಲ.

ನೋವಿನೆಳೆ
ಶುಶ್ರೂಷೆ ನನ್ನ ವೃತ್ತಿ. ರೋಗಿಯ ದಾಖಲೆಯಲ್ಲಿ ಈ ಪದ ದಿನವೂ ಬರೆಯುತ್ತೇವೆ. ‘ನೋವು ಎದೆಯಿಂದ ಎಡತೋಳಿಗೆ ಹರಡುತ್ತದೆ’ ಎಂಬುದಕ್ಕೆ ‘ರೇಡಿಯೇಟ್ಸ್’. ಅದು ನೋವಿನ ಸ್ವಭಾವದ ವಿವರಣೆ. ಹೊಸಬರೊಬ್ಬರು ಎಲ್ಲ ಕಡೆ ‘ಹ್ಯಾಸ್ ರೇಡಿಯೇಟೆಡ್’ ಎಂದು ಬರೆಯುತ್ತಿದ್ದರು. ಓದಿದವರಿಗೆ, ಬೆಳಗ್ಗೆ ಇರದಿದ್ದ ಹರಡುವಿಕೆ ಈಗ ಶುರುವಾಗಿದೆ ಎಂಬ ಅರ್ಥ ಬರುತ್ತಿತ್ತು. ಹಾಸಿಗೆಯ ಪಕ್ಕ ನಿಂತು ರೋಗಿಯನ್ನೇ ಮತ್ತೆ ಕೇಳಿ ಖಚಿತಪಡಿಸಿಕೊಳ್ಳಬೇಕಾಗಿತ್ತು. ನಿಮ್ಮ ಬೀದಿಗಳಿಗೂ ಹಕ್ಕಿಗಳಿಗೂ ಇರುವ ವ್ಯತ್ಯಾಸವೇ ಇದು. ಆದರೆ ಇಲ್ಲಿ ತಪ್ಪಿದರೆ ಅಂಕ ಹೋಗುವುದಿಲ್ಲ, ಹೊತ್ತು ಹೋಗುತ್ತದೆ.

ಹಳೆಯಮೇಷ್ಟ್ರು
ಈ ಉದಾಹರಣೆಗೆ ಕೈಮುಗಿಯುತ್ತೇನೆ. ಮುಂದಿನ ಪಾಠದಲ್ಲಿ ಇದನ್ನೇ ಹೇಳುತ್ತೇನೆ.

ಬಾನಂಗಳ
ವಿಶ್ವ ಹಿಗ್ಗುತ್ತಿರುವುದನ್ನು ಯಾರೂ ತರಲಿಲ್ಲವಲ್ಲ! ‘ವಿಶ್ವ ಸುಮಾರು 1,380 ಕೋಟಿ ವರ್ಷಗಳಿಂದ ಹಿಗ್ಗುತ್ತಿದೆ.’ ಇದನ್ನು ‘ಈಸ್ ಎಕ್ಸ್‌ಪ್ಯಾಂಡಿಂಗ್ ಸಿನ್ಸ್’ ಎಂದು ಬರೆದವರ ಲೇಖನಗಳನ್ನು ತಿದ್ದಿ ತಿದ್ದಿ ಸಾಕಾಗಿದೆ. ಇಲ್ಲಿ ಎರಡು ತಪ್ಪು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಹ್ಯಾಸ್ ಬೀನ್ ಎಕ್ಸ್‌ಪ್ಯಾಂಡಿಂಗ್’ ಬೇಕು. ಮತ್ತು ಅವಧಿಗೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’. ಕನ್ನಡದ ‘ಇಂದ’ ಎರಡಕ್ಕೂ ಒಂದೇ: ಹತ್ತು ವರ್ಷಗಳಿಂದ, ಸೋಮವಾರದಿಂದ. ಆ ‘ಇಂದ’ವೇ ನಮ್ಮನ್ನು ದಾರಿ ತಪ್ಪಿಸುವುದು.

‘ಹ್ಯಾಸ್ ಎಕ್ಸ್‌ಪ್ಯಾಂಡೆಡ್’ ಎಂದರೆ ಎಷ್ಟು ಹಿಗ್ಗಿತು ಎಂಬ ಫಲಕ್ಕೆ ಒತ್ತು. ‘ಹ್ಯಾಸ್ ಬೀನ್ ಎಕ್ಸ್‌ಪ್ಯಾಂಡಿಂಗ್’ ಎಂದರೆ ನಡೆಯುತ್ತಲೇ ಇರುವ ಕ್ರಿಯೆಗೆ ಒತ್ತು. ಇದೇ ಕಾರಣಕ್ಕೆ ನಕ್ಷತ್ರ ಬೆಳಕು ಚೆಲ್ಲುತ್ತ ಬಂದಿದೆ ಎನ್ನುವಾಗ ‘ಹ್ಯಾಸ್ ಬೀನ್ ರೇಡಿಯೇಟಿಂಗ್’ ಹಿತವಾಗಿ ಕೇಳುತ್ತದೆ. ಕನ್ನಡದ ‘ಚೆಲ್ಲುತ್ತ ಬಂದಿದೆ’ಯಲ್ಲಿ ಆ ‘ಬಂದಿದೆ’ ಮಾಡುವ ಕೆಲಸವನ್ನು ಗಮನಿಸಿ. ಅಂದಿನಿಂದ ಇಂದಿನವರೆಗೆ ನಡೆದುಕೊಂಡು ಬಂದಂತೆ!

ಜೀವಜಾಲ
‘ಚೆಲ್ಲುತ್ತ ಬಂದಿದೆ’ ಎಂಬುದನ್ನು ನಾನು ಬರೆದಿಟ್ಟುಕೊಂಡೆ. ‘ಹ್ಯಾಸ್ ಬೀನ್’ ಬಂದಾಗಲೆಲ್ಲ ‘ಇದುವರೆಗೂ ಮಾಡುತ್ತಿದೆ’ ಎಂದು ಎಳೆದು ಬರೆಯುತ್ತಿದ್ದೆ.

ಬೆಳ್ಳಿಚುಕ್ಕಿ
ನನಗೆ ತಿಳಿದ ಒಂದು ಉಪಾಯ ಹೇಳುತ್ತೇನೆ. ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡಿ. ‘ಹರಡಲಿಲ್ಲ’ ಎಂದು ಬಂದರೆ ಭೂತಕಾಲ, ‘ಇನ್ನೂ ಹರಡಿಲ್ಲ’ ಎಂದು ಬಂದರೆ ಪರ್ಫೆಕ್ಟ್. ಸಿಡುಬು ಆ ದ್ವೀಪಕ್ಕೆ ಹರಡಲಿಲ್ಲ. ಹೊಸ ಸೋಂಕು ಆ ದ್ವೀಪಕ್ಕೆ ಇನ್ನೂ ಹರಡಿಲ್ಲ. ‘ಇನ್ನೂ’ ಸೇರಿಸಿದರೆ ವಾಕ್ಯ ನಿಲ್ಲುತ್ತದೆಯೇ ಎಂದು ಕೇಳಿಕೊಂಡರೆ ಸಾಕು.

ಮಾತಿನಮಂಟಪ
ಇದು ಚೆನ್ನಾಗಿದೆ! ನಿಷೇಧದಲ್ಲಿ ಕನ್ನಡ ಇಂಗ್ಲಿಷಿನಷ್ಟೇ ಕಟ್ಟುನಿಟ್ಟು.

ನೇರನುಡಿ
ಎಲ್ಲರ ಮಾತಿನಲ್ಲಿ ಅಲ್ಲ. ‘ನಿನ್ನೆ ಅವನು ಬಂದಿಲ್ಲ’ ಎನ್ನುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಬೀದಿಗಳಿಗೆ ಈ ಪರೀಕ್ಷೆ ಸೊಗಸಾಗಿ ಹೊಂದುತ್ತದೆ. ‘ಬೀದಿಗಳು ಇನ್ನೂ ಹರಡಿಲ್ಲ’ ಎಂದರೆ ಅರ್ಥವೇ ಇಲ್ಲ. ಹಾಗಾದರೆ ಅಲ್ಲಿ ಪರ್ಫೆಕ್ಟ್ ಇಲ್ಲ.

ಅರಳುಮೊಗ್ಗು
ಕೊನೆಗೆ ಒಂದು ವಿಷಯ. ಹಳೆಯ ಇಂಗ್ಲಿಷಿನಲ್ಲಿ ಬರು, ಹೋಗು, ಆಗು ಮುಂತಾದ ಅಕರ್ಮಕ ಕ್ರಿಯಾಪದಗಳಿಗೆ ಪರ್ಫೆಕ್ಟ್‌ನಲ್ಲಿ ‘ಹ್ಯಾವ್’ ಬದಲು ‘ಬೀ’ ಬಳಸುತ್ತಿದ್ದರು, ನಮ್ಮ ‘ಇರು’ವಿನ ಹಾಗೆಯೇ. ಜರ್ಮನ್ ಈಗಲೂ ಹಾಗೆ ಮಾಡುತ್ತದೆ. ಇಂಗ್ಲಿಷಿನಲ್ಲಿ ಉಳಿದಿರುವ ‘ಈಸ್ ಗಾನ್’ ಅದರ ಕುರುಹು.

ಕರಡುಪ್ರತಿ
ಎಲ್ಲರಿಗೂ ಮನಸಾರೆ ವಂದನೆ. ಬೀದಿಗಳಿಗೆ ‘ರೇಡಿಯೇಟ್’ ಎಂಬುದನ್ನು ಒಪ್ಪಿಕೊಂಡೆ, ಈ ಬಾರಿ ಕಾರಣ ತಿಳಿದು. ಮೂರನೆಯ ಪುಟದಲ್ಲಿ ಇನ್ನೊಂದು ಉಳಿದಿದೆ: ‘ಆಲದ ಬೇರುಗಳು ಹಳೆಯ ಗೋಡೆಯೊಳಕ್ಕೆ ಹರಡಿವೆ.’ ಕುಳಿತಿದ್ದಾನೆಯ ಗುಂಪೋ, ಹಕ್ಕಿಗಳ ಗುಂಪೋ?

ನೇರನುಡಿ
ಗೋಡೆ ಮೊದಲು ಬಂದಿತು, ಬೇರು ಆಮೇಲೆ ನುಗ್ಗಿತು. ‘ಹ್ಯಾವ್ ಸ್ಪ್ರೆಡ್’.

ಮಾತಿನಮಂಟಪ
ಮುಂದಿನ ವಾಕ್ಯ ಏನು? ಗೋಡೆ ಬಿರುಕು ಬಿಟ್ಟಿದೆ ಎಂದಿದ್ದರೆ ನೇರನುಡಿ ಹೇಳಿದ್ದೇ ಸರಿ. ಮರದ ಅಂದವನ್ನು ಬಣ್ಣಿಸುವ ಮಾತಾಗಿದ್ದರೆ ‘ಸ್ಪ್ರೆಡ್’ ಸಾಕು.

ಕರಡುಪ್ರತಿ
ಮುಂದಿನ ವಾಕ್ಯ: ‘ಎರಡು ಕಲ್ಲುಗಳು ಆಗಲೇ ಸಡಿಲಗೊಂಡಿವೆ.’

ಮಾತಿನಮಂಟಪ
ಹಾಗಾದರೆ ‘ಹ್ಯಾವ್’. ಕಲ್ಲುಗಳಿಗೂ ‘ಹ್ಯಾವ್’.